ಮೂರನೆಯ ಗೈರುಹಾಜರಿ

ಕ್ರೀಡಾಪಟುಗಳ ಮೂತ್ರದ ಮಾದರಿ ಸಂಗ್ರಹಿಸುವ ಕೆಲಸಕ್ಕೆ ಬರುವ ಮೊದಲು ಅವಳು ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದಳು. ಹೊಸ ಕಚೇರಿಯಲ್ಲೂ ಎಲ್ಲರ ಬಾಯಲ್ಲಿ ನರ್ಸಮ್ಮನೇ. ಉದ್ದೀಪನ ಮದ್ದು ತಡೆಯುವ ನಿಯಮಗಳು ಅವಳಿಗೆ ಬಾಯಿಪಾಠ. ದೊಡ್ಡ ಮಟ್ಟದ ಆಟಗಾರರು ದಿನದಲ್ಲಿ ಒಂದು ಗಂಟೆ ತಾವು ಎಲ್ಲಿರುತ್ತೇವೆಂದು ಮೊದಲೇ ಬರೆದುಕೊಡಬೇಕು. ಆ ಗಂಟೆಯಲ್ಲಿ ಹೇಳದೆ ಕೇಳದೆ ಹೋಗಿ ಬಾಗಿಲು ತಟ್ಟುವುದು ಇವಳ ಕೆಲಸ. ವರ್ಷದೊಳಗೆ ಮೂರು ಸಲ ಸಿಗದಿದ್ದರೆ ಎರಡು ವರ್ಷ ನಿಷೇಧ, ಮದ್ದನ್ನು ಕಣ್ಣಿಂದ ಕಾಣದವರಿಗೂ.

ಒಬ್ಬ ಓಟಗಾರ್ತಿ ಆ ವರ್ಷ ಆಗಲೇ ಎರಡು ಸಲ ಸಿಕ್ಕಿರಲಿಲ್ಲ. ಅವಳು ಬರೆದುಕೊಟ್ಟಿದ್ದ ಗಂಟೆ ಬೆಳಿಗ್ಗೆ ಆರರಿಂದ ಏಳು. ಮೂರನೆಯ ಸಲ ನರ್ಸಮ್ಮ ಆರಕ್ಕೆ ನಾಲ್ಕು ಮಹಡಿ ಹತ್ತಿ ಅವಳ ಮನೆ ಮುಂದೆ ನಿಂತಳು. ಸೊಂಟ ಮುರಿದುಕೊಂಡು ಮಲಗಿದ್ದ ಅತ್ತೆಯ ಚಾಕರಿಯಲ್ಲಿ ವಾರದಿಂದ ಕಣ್ಣಿಗೆ ನಿದ್ದೆಯಿರಲಿಲ್ಲ. ಬೆಲ್ ಒತ್ತಿದರೆ ಸದ್ದಿಲ್ಲ. ಎರಡು ಸಲ ಬಾಗಿಲು ತಟ್ಟಿದಳು. ಎದುರು ಮನೆಯವನು ತಲೆ ಹೊರಗೆ ಹಾಕಿ, ಮಗು ಈಗಷ್ಟೇ ಮಲಗಿದೆ ಎಂದು ಗೊಣಗಿದ. ಐದು ನಿಮಿಷ ಬಿಟ್ಟು ತಟ್ಟಿದರಾಯಿತೆಂದು ಅವಳು ಮೆಟ್ಟಿಲ ಮೇಲೆ ಕೂತಳು.

ಎಚ್ಚರವಾದಾಗ ಏಳು ಗಂಟೆ ಹತ್ತು ನಿಮಿಷ.

ಬಸ್ ನಿಲ್ದಾಣದಲ್ಲಿ ಕೂತು ವರದಿ ಬರೆಯುವಾಗ ಕೈ ತನ್ನಷ್ಟಕ್ಕೆ ಓಡಿತು: ಹತ್ತು ನಿಮಿಷಕ್ಕೊಮ್ಮೆ ಜೋರಾಗಿ ಬಾಗಿಲು ತಟ್ಟಲಾಯಿತು, ಉತ್ತರವಿಲ್ಲ. ಎಷ್ಟೋ ಮನೆಗಳ ಬಗ್ಗೆ ಬರೆದಿದ್ದ ವಾಕ್ಯ ಅದು. ಆಗೆಲ್ಲ ನಿಜವಾಗಿತ್ತು.

ವಿಚಾರಣೆ ನಡೆದದ್ದು ಎರಡು ತಿಂಗಳ ನಂತರ. ಅಲ್ಲಿಯವರೆಗೆ ಓಟಗಾರ್ತಿ ಯಾವ ಸ್ಪರ್ಧೆಗೂ ಇಳಿಯುವಂತಿರಲಿಲ್ಲ. ಬಸ್ ಚಾಲಕನಾಗಿದ್ದ ಅವಳಪ್ಪ ಕೆಲಸದ ಅಂಗಿಯಲ್ಲೇ ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದ. ಆರಕ್ಕೆ ಸ್ನಾನದ ಮನೆಯಲ್ಲಿದ್ದೆ, ಆಮೇಲೆ ಏಳೂವರೆವರೆಗೂ ಮುಂದಿನ ಕೋಣೆಯಲ್ಲೇ ವ್ಯಾಯಾಮ ಮಾಡುತ್ತಿದ್ದೆ, ಬೆಲ್ ಕೆಟ್ಟಿದ್ದು ಗೊತ್ತಿರಲಿಲ್ಲ ಎಂದು ಅವಳು ಹೇಳಿದಳು. ಸಿಗದವರೆಲ್ಲ ಹೇಳುವುದು ಇದನ್ನೇ ಎಂದರು ಮದ್ದು ತಡೆ ಸಂಸ್ಥೆಯ ವಕೀಲರು.

ವಿಚಾರಣೆ ನಡೆಸುತ್ತಿದ್ದ ನಿವೃತ್ತ ನ್ಯಾಯಾಧೀಶರು ಹಾಳೆ ತಿರುವುತ್ತ ನರ್ಸಮ್ಮನನ್ನು ಕೇಳಿದರು. "ಈ ವರದಿ ನೀವೇ ಬರೆದದ್ದಲ್ವೇನಮ್ಮಾ?"

"ನಾನೇ ಬರೆದಿದ್ದು ಸಾರ್. ಆದ್ರೆ ಅದು ನಿಜ ಅಲ್ಲ. ಎರಡೇ ಸಲ ತಟ್ಟಿದ್ದು. ಆಮೇಲೆ ಕೂತಲ್ಲೇ ನಿದ್ದೆ ಹೋಗ್ಬಿಟ್ಟೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಕೆಲಸ ಹೋಗುತ್ತೆ ಅಂತ."

ಪಕ್ಕದಲ್ಲಿದ್ದ ಅವಳ ಮೇಲಧಿಕಾರಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ.

ತೀರ್ಪಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಮೂರನೆಯ ಗೈರುಹಾಜರಿ ರದ್ದಾಯಿತು. ಓಟಗಾರ್ತಿ ಇನ್ನು ಓಡಬಹುದಿತ್ತು, ಆದರೆ ಆ ವರ್ಷದ ಅರ್ಹತಾ ಓಟ ಹಿಂದಿನ ವಾರವೇ ಮುಗಿದುಹೋಗಿತ್ತು. ನರ್ಸಮ್ಮನ ಹೆಸರನ್ನು ಮಾದರಿ ಸಂಗ್ರಹಿಸುವವರ ಪಟ್ಟಿಯಿಂದ ತೆಗೆದರು.

ಹೊರಗೆ ಓಟಗಾರ್ತಿ ಅವಳ ಎದುರು ಬಂದು ನಿಂತಳು. ಬೈದರೆ ಬೈಸಿಕೊಳ್ಳೋಣ ಎಂದು ನರ್ಸಮ್ಮ ತಲೆ ತಗ್ಗಿಸಿದಳು.

"ನಾನು ಮನೇಲೇ ಇದ್ದೆ ಅಂತ ನಮ್ಮಪ್ಪನೂ ನಂಬಿರ್ಲಿಲ್ಲ," ಎಂದಳು ಹುಡುಗಿ.

"ತಪ್ಪಾಯ್ತು ಕಣಮ್ಮಾ."

ಅಪ್ಪ ಡ್ಯೂಟಿಗೆ ಹೊತ್ತಾಯಿತೆಂದು ಕರೆದ, ಇಬ್ಬರೂ ಹೊರಟುಹೋದರು. ಮಾದರಿ ಸೀಸೆಗಳ ಚೀಲವನ್ನು ಈಗಲೇ ಒಪ್ಪಿಸಬೇಕೇ ಎಂದು ನರ್ಸಮ್ಮ ಮೇಲಧಿಕಾರಿಯನ್ನು ಕೇಳಿದಳು. ನಾಳೆ ತಂದುಕೊಟ್ಟರೂ ನಡೆಯುತ್ತದೆ ಎಂದ ಅವನು.