ನಲವತ್ತೊಂದನೇ ಪುಟದ ಸಪ್ಪಲಮ್ಮ

ಗ್ರಾಮದೇವತೆ ಸಪ್ಪಲಮ್ಮ ತನ್ನ ಮೈಮೇಲೆ ಬಂದಾಗ ಏನು ಹೇಳಿದಳು ಅನ್ನುವುದು ಮುನಿಲಕ್ಷ್ಮಿಗೆ ಯಾವತ್ತೂ ನೆನಪಿರುತ್ತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಚಿನ್ನದ ಗಣಿ ಮೈಸೂರು ಮೈನ್ಸಿನ ಹಿಂದಿರುವ ಪುಟ್ಟ ಗುಡಿಯಲ್ಲಿ ಕೂದಲು ಬಿಚ್ಚಿ ಕೂರುತ್ತಿದ್ದಳು. ಅರ್ಧ ಕನ್ನಡ, ಅರ್ಧ ತೆಲುಗು, ಎದುರಿಗೆ ಗಣಿ ಕಾರ್ಮಿಕರ ಲೈನ್ ಮನೆಯವರಿದ್ದರೆ ತಮಿಳು. ಒಂದು ಗಂಟೆ ಮಾತಾಡಿ, ಎಚ್ಚರವಾದ ಮೇಲೆ ಒಂದು ಚೊಂಬು ನೀರು ಕುಡಿದು, "ಅಮ್ಮ ಏನಂದ್ಲು?" ಅಂತ ಪಕ್ಕದವರನ್ನೇ ಕೇಳುತ್ತಿದ್ದಳು. ಮಾರನೇ ದಿನ ಟೊಮೆಟೊ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಗಂಡನಿಲ್ಲ, ಜಮೀನಿಲ್ಲ. ಅವಳಿಗಿದ್ದ ಮರ್ಯಾದೆಯೆಲ್ಲ ಶುಕ್ರವಾರದ ಆ ಒಂದು ಗಂಟೆಯದು.

ಆ ಗಂಟೆಯನ್ನೇ ಲಿಖಿತ ಮೂರು ವರ್ಷ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಕಾಮಸಮುದ್ರದ ಹತ್ತಿರ ಡೈರಿಗೆ ಹಾಲು ಹಾಕುವ ಮನೆಯ ಹುಡುಗಿ, ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ದೇವರಿದ್ದಾಳೋ ಇಲ್ಲವೋ ನಮಗೆ ಬೇಡ, ಅವಳ ಹೆಸರಲ್ಲಿ ಯಾರು ಮಾತಾಡುತ್ತಾರೆ, ಆ ಮಾತಿಗೆ ಯಾವ ಸಂಸ್ಥೆ ಮುದ್ರೆ ಒತ್ತುತ್ತದೆ, ಅಷ್ಟು ನೋಡು ಅಂತ ಅವಳ ಗೈಡ್ ಹೇಳಿಕೊಟ್ಟಿದ್ದರು. ಚೆನ್ನಾಗೇ ಹೇಳಿಕೊಟ್ಟಿದ್ದರು. ನೋಡಲು ಹೋದವಳ ಕೈಗೂ ಮುದ್ರೆಯ ಮಸಿ ಮೆತ್ತಿಕೊಳ್ಳುತ್ತದೆ ಅನ್ನುವುದೊಂದನ್ನು ಬಿಟ್ಟು.

ಗುಡಿಗೆ ಹೊಸದಾಗಿ ಕಮಿಟಿಯಾಗಿತ್ತು. ಅಧ್ಯಕ್ಷ ಚಲಪತಿಗೆ ಆಂಡರ್ಸನ್‌ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. "ಅಮ್ಮನ ಮಾತೆಲ್ಲ ಟೈಪ್ ಮಾಡಿದ್ದೀಯಂತಲ್ಲಮ್ಮ, ನಮಗೂ ಒಂದು ಕಾಪಿ ಕೊಡು," ಅಂದ. ಲಿಖಿತ ಖುಷಿಯಾಗಿ ಕೊಟ್ಟಳು. ಮೂರು ಭಾಷೆಯ ಮಾತನ್ನು ತಿದ್ದಿ ತೀಡಿ ಅಚ್ಚ ಕನ್ನಡ ಮಾಡಿದ್ದಳು, ತಾರೀಖು, ಪುಟದ ಸಂಖ್ಯೆ ಎಲ್ಲ ಹಾಕಿದ್ದಳು. ಕಮಿಟಿಯವರು ಅದಕ್ಕೆ ಕೆಂಪು ರೆಕ್ಸಿನ್ ಬೈಂಡ್ ಹಾಕಿಸಿ, ಕುಂಕುಮ ಹಚ್ಚಿ, ಅಮ್ಮನ ಪಾದದ ಹತ್ತಿರ ಇಟ್ಟರು. ಲಿಖಿತ ಅದರ ಫೋಟೋ ಕೂಡ ತೆಗೆದುಕೊಂಡಳು, ಪುಣ್ಯಾತ್ಗಿತ್ತಿ.

ಆಮೇಲೆ ಚಲಪತಿ ಗುಡಿಗೆ ಕಬ್ಬಿಣದ ಬಾಗಿಲು ಹಾಕಿಸಿದ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ತೆರೆಯುವುದು, ಮಿಕ್ಕಂತೆ ಬೀಗ. ಆ ವಾರ ಮುನಿಲಕ್ಷ್ಮಿಯ ಮೈ ಎಂದಿಗಿಂತ ಜೋರಾಗಿ ನಡುಗಿತು.

"ತಲುಪು ತೀಯಂಡ್ರಾ! ಬಾಗ್ಲು ಕಿತ್ತಾಕ್ರಲಾ! ನನ್ ಮಕ್ಳು ಶಿಫ್ಟ್ ಮುಗಿಸ್ಕೊಂಡು ಒತ್ತಲ್ಲದ ಒತ್ನಾಗೆ ಬತ್ತಾರೆ. ನಂಗೇ ಬೀಗ ಆಕ್ತೀರೇನ್ಲಾ?"

ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿತ್ತು. ಯಾರೂ ನಗಲಿಲ್ಲ. ಒಂದು ಕಾಲದಲ್ಲಿ ಗಣಿಗೆ ಇಳಿಯುತ್ತಿದ್ದ ಕುಪ್ಪುಸ್ವಾಮಿ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಚಲಪತಿ ಗಾಬರಿಯಾಗಲಿಲ್ಲ. ಕೆಂಪು ಪುಸ್ತಕ ತೆಗೆದು ಗಟ್ಟಿಯಾಗಿ ಓದಿದ. "ನಲವತ್ತೊಂದನೇ ಪುಟ. 'ನನ್ನ ಗುಡಿಗೆ ಬಾಗಿಲು ಬೇಕು. ನಾಯಿಗಳು ಬಂದು ನನ್ನ ಎಡೆ ತಿನ್ನುತ್ತಿವೆ.' ಎರಡು ವರ್ಷದ ಹಿಂದೆ ಅಮ್ಮ ಅಂದಿದ್ದು. ಅಮ್ಮ ಯಾವತ್ತಾದ್ರೂ ಎರಡು ನಾಲಿಗೆ ಆಡ್ತಾಳಾ? ಹಂಗಾದ್ರೆ ಇವತ್ತು ಮಾತಾಡ್ತಿರೋದು ಯಾರು?" ಅಂದವನು ಲಿಖಿತಳ ಕಡೆ ತಿರುಗಿದ. "ನೀನೇ ಬರೆದಿದ್ದಲ್ವೇನಮ್ಮ? ಇದು ನಿಜವೋ, ಸುಳ್ಳೋ?"

ಅಮ್ಮ ಅಂದಮೇಲೆ ಬೆಳಿಗ್ಗೆ ಒಂದು ಹೇಳುತ್ತಾಳೆ, ಸಂಜೆ ಇನ್ನೊಂದು ಹೇಳುತ್ತಾಳೆ, ನಿಮ್ಮಮ್ಮ ಹಾಗೆ ಹೇಳಿಲ್ಲವಾ ಅಂತ ಅವಳು ತಿರುಗಿ ಕೇಳಬಹುದಿತ್ತು. ಆದರೆ ಲಿಖಿತಳ ತಲೆಯಲ್ಲಿ ಓಡಿದ್ದು ಅವಳ ಥೀಸಿಸ್ಸು; ಇದು ಸುಳ್ಳಾದರೆ ಅದೂ ಸುಳ್ಳು.

"ನಿಜ. ಹಾಗೇ ಹೇಳಿದ್ದರು," ಅಂದಳು, ಪರೀಕ್ಷಕರೆದುರು ನಿಂತವಳ ಹಾಗೆ.

ಮುನಿಲಕ್ಷ್ಮಿಯ ನಡುಕ ಮೆಲ್ಲಗೆ ನಿಂತಿತು. ಆ ದಿನ ಯಾರೂ ನೀರು ಕೊಡಲಿಲ್ಲ. "ಅಮ್ಮ ಏನಂದ್ಲು?" ಅಂತ ಪಕ್ಕದವರನ್ನು ಕೇಳಿದಳು. ಪಕ್ಕದವರು ಎದ್ದು ಚಪ್ಪಲಿ ಹುಡುಕತೊಡಗಿದರು.

ಭಾನುವಾರ ಕಮಿಟಿ ತೀರ್ಮಾನ ಮಾಡಿತು. ಇನ್ನುಮೇಲೆ ಶುಕ್ರವಾರ ಮೈಕಿನಲ್ಲಿ ಪುಸ್ತಕ ಓದುವುದು. ಮುನಿಲಕ್ಷ್ಮಿಯೂ ಕೂರಬಹುದು, ಆದರೆ ಬಂದ ಮಾತು ಪುಸ್ತಕಕ್ಕೆ ಹೊಂದಬೇಕು. ಹೊಂದದಿದ್ದರೆ ಜಾಗ ಖಾಲಿ ಮಾಡಬೇಕು. ಲಿಖಿತ ಬಂಗಾರಪೇಟೆ ಸ್ಟೇಷನ್ನಿನಿಂದ ಗೈಡಿಗೆ ಫೋನ್ ಮಾಡಿ ನಡೆದಿದ್ದೆಲ್ಲ ಹೇಳಿಕೊಂಡಳು. ಅವರು ಉಬ್ಬಿಹೋದರು. "ನಿನ್ನ ಕಣ್ಣೆದುರಿಗೇ ಮಾತು ಹೋಗಿ ಸಂಸ್ಥೆ ಆಗ್ತಿದೆ ಕಣಮ್ಮ! ಎಷ್ಟು ಜನಕ್ಕೆ ಸಿಗುತ್ತೆ ಇಂಥದ್ದು? ಇದೇ ನಿನ್ನ ಕೊನೇ ಅಧ್ಯಾಯ." ಲಿಖಿತ ಫೋನ್ ಕಟ್ ಮಾಡಿದಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ರೈಲು ಬಂದು ಹೋದರೂ ಬೆಂಚಿನಿಂದ ಏಳಲಿಲ್ಲ.

ಗುರುವಾರ ಮುನಿಲಕ್ಷ್ಮಿಯ ಮನೆಗೆ ಹೋದಳು. ಕೂಲಿಯಿಂದ ಆಗಷ್ಟೇ ಬಂದಿದ್ದ ಅವಳ ಬೆರಳೆಲ್ಲ ಟೊಮೆಟೊ ಗಿಡದ ಹಸಿರು ಕರೆ.

"ಅತ್ತೆ, ನಾನು ಬರೆದಿದ್ದೇ ತಪ್ಪು ಅಂತ ನಾಳೆ ಎಲ್ಲರ ಮುಂದೆ ಹೇಳಿಬಿಡ್ತೀನಿ."

"ಬ್ಯಾಡ ಪಾಪಾ. ಅದೂ ನನ್ ಬಾಯಾಗಿಂದ ಬಂದಿದ್ದೇ ಅಲ್ವಾ? ಬುಕ್ ಸುಳ್ಳು ಅಂದ್ರೆ ಮೂರು ವರ್ಸ ನಾನು ಆಡಿದ್ದೆಲ್ಲ ಸುಳ್ಳಾತದೆ." ಬೆರಳನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು, "ತಂದಿದ್ದೀಯಾ ಅದ್ನ? ಓದು. ನಂಗೆ ಅಕ್ಸರ ಬರಲ್ಲ, ಬಾಯಿಪಾಠ ಮಾಡ್ಕೋತೀನಿ."

"ಅಮ್ಮ ಬರೋದು ಅಂದ್ರೆ ಬಾಯಿಪಾಠಾನಾ ಅತ್ತೆ?"

"ಅವ್ಳು ಬಂದ್ರೆ ಬರ್ಲಿ. ಬಂದ್ಲು ಅಂತ ಅವ್ರು ಒಪ್ಬೇಕಲ್ಲ."

ಲಿಖಿತ ಬ್ಯಾಗಿನಿಂದ ತನ್ನ ಕಾಪಿ ತೆಗೆದು ನಲವತ್ತೊಂದನೇ ಪುಟ ಓದಿದಳು. ಮುನಿಲಕ್ಷ್ಮಿ ಕೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡು, ಮಂಡಿಯ ಮೇಲೆ ಎರಡೂ ಕೈ ಊರಿ, ನೆಟ್ಟಗೆ ಕೂತಳು. ಅವಳ ಕೈ ಒಂದಿಷ್ಟೂ ನಡುಗಲಿಲ್ಲ.

"ನನ್ನ ಗುಡಿಗೆ ಬಾಗಿಲು ಬೇಕು," ಅಂದಳು, ಒಂದೊಂದೇ ಮಾತು ಎತ್ತಿಟ್ಟು. "ನಾಯಿಗಳು ಬಂದು ನನ್ನ ಎಡೆ ತಿನ್ನುತ್ತಿವೆ." ಆಮೇಲೆ ಲಿಖಿತಳ ಮುಖ ನೋಡಿದಳು. "ಸರೀಗ್ ಯೇಳಿದ್ನಾ ಪಾಪಾ?"

ಲಿಖಿತ ತಲೆ ಬಗ್ಗಿಸಿ ಪುಟವನ್ನೇ ನೋಡಿದಳು. ಎಲ್ಲೋ ತಪ್ಪಿರಬೇಕು ಅಂದುಕೊಂಡ ಮುನಿಲಕ್ಷ್ಮಿ ಮತ್ತೆ ಮೊದಲಿಂದ ಶುರು ಮಾಡಿದಳು.