ಮಾವನ ಡಬಲ್ಲು

ಮದುವೆಯಾಗಿ ಶಿರಸಿಗೆ ಬಂದ ಹೊಸತರಲ್ಲಿ ಶ್ರೀಲಕ್ಷ್ಮಿಗೆ ಮಾವ ಸೀತಾರಾಮ ಹೆಗಡೆಯವರೆಂದರೆ ಒಂದು ಥರದ ಸಂಕೋಚ. ಅವರೇನು ಬೈಯುವವರಲ್ಲ, ಹೊಸ ಸೊಸೆಯ ಹತ್ತಿರ ಏನು ಮಾತಾಡಬೇಕೆಂದು ಅವರಿಗೂ ತಿಳಿಯುತ್ತಿರಲಿಲ್ಲ. ಎದುರಾದರೆ ಇಬ್ಬರೂ ಸುಮ್ಮನೆ ನಕ್ಕು ಪಕ್ಕಕ್ಕೆ ಸರಿಯುತ್ತಿದ್ದರು.

ಅದು ತೊಂಬತ್ತಾರನೆಯ ಇಸವಿ. ಮಾವನ ಪಾತ್ರೆ ಅಂಗಡಿಗೆ ಭಾನುವಾರ ರಜೆ. ಮಧ್ಯಾಹ್ನ ಊಟವಾದದ್ದೇ ಮಾವ, ಅತ್ತೆ ಗಂಗಕ್ಕ, ಗಂಡ ಶಶಾಂಕ ಚಾಪೆ ಹಾಸಿ ಇಸ್ಪೀಟಿಗೆ ಕೂರುತ್ತಿದ್ದರು. ಮೂರೆಲೆ ಆಟ. ದುಡ್ಡಿಲ್ಲ, ಹುಣಸೆ ಬೀಜವೇ ಪಣ. ಕೈಗೆ ಬಂದ ಮೂರು ಎಲೆ ಬೇಡವೆನಿಸಿದರೆ ಕೆಳಗಿಡಬಹುದು. ಧೈರ್ಯವಿದ್ದರೆ ಬೀಜ ಹಾಕಿ ಪಣ ಏರಿಸಬಹುದು. ಅದನ್ನೂ ಮೀರಿಸುವವರು ‘ಡಬಲ್’ ಅನ್ನಬೇಕು. ಕೊನೆಗೆ ಉಳಿದವರಲ್ಲಿ ಯಾರ ಎಲೆ ದೊಡ್ಡದೋ ಬೀಜವೆಲ್ಲ ಅವರಿಗೆ. ಬಿಡಿ ಎಲೆಗಿಂತ ಜೋಡಿ ದೊಡ್ಡದು, ಜೋಡಿಗಿಂತ ಒಂದೇ ಥರದ ಮೂರು ದೊಡ್ಡದು.

“ಬಾರೆ, ನೀನೂ ಕೂತ್ಕ,” ಎಂದು ಒಂದು ಭಾನುವಾರ ಅತ್ತೆ ಕರೆದರು. ಯಲ್ಲಾಪುರದ ತವರಿನಲ್ಲಿ ಅಣ್ಣಂದಿರ ಜೊತೆ ಆಡಿದ್ದವಳು, ಕೂತಳು. ರಾಣಿ ಜೋಡಿ ಬಂತು. ಪಣ ಏರಿಸಿದಳು.

“ಡಬಲ್!” ಮಾವ ಚಾಪೆಗೆ ಬಡಿದರು.

ಇವರ ಹತ್ತಿರ ದೊಡ್ಡದೇನೋ ಇರಬೇಕೆಂದು ಶ್ರೀಲಕ್ಷ್ಮಿ ಎಲೆ ಕೆಳಗಿಟ್ಟಳು. ಮಾವ ತಮ್ಮ ಎಲೆ ತಿರುವಿದರು. ಒಂಬತ್ತು, ಆರು, ಎರಡು. ಅವಳಿಗೆ ಮೈಯೆಲ್ಲ ಉರಿಯಿತು.

ಮುಂದಿನ ವಾರ ತಾನೂ ಹೆದರಿಸಿ ನೋಡೋಣವೆಂದುಕೊಂಡಳು. ಕೈಯಲ್ಲಿ ಏನೂ ಇಲ್ಲದಾಗ ಮಾವನ ಡಬಲ್ಲಿನ ಮೇಲೆ ತಾನೊಂದು ಡಬಲ್ ಹೇಳಿದಳು. ಮಾವ ಹೆದರಬೇಕಲ್ಲ! ಮತ್ತೂ ಏರಿಸಿದರು. ನಾಲ್ಕರ ಜೋಡಿಯಲ್ಲಿ ಅವಳ ಬೀಜವನ್ನೆಲ್ಲ ಬಾಚಿಕೊಂಡರು.

ಆ ವಾರವಿಡೀ ದೋಸೆ ಹಿಟ್ಟು ರುಬ್ಬುವಾಗಲೂ ಅವಳಿಗೆ ಅದೇ ಯೋಚನೆ. ನೆನಪು ಮಾಡಿಕೊಂಡಷ್ಟೂ ಮಾವನ ಆಟ ತಿಳಿಯಾಗುತ್ತ ಬಂತು. ಅವರು ಡಬಲ್ ಹೇಳುವುದು ಸಣ್ಣ ಜೋಡಿಗೆ, ಒಂಟಿ ರಾಜನಿಗೆ, ಏನೂ ಇಲ್ಲದಿದ್ದರೆ ಬೇಜಾರಿಗೆ. ನಿಜವಾಗಿ ದೊಡ್ಡ ಎಲೆ ಬಂದರೆ ಮಾತ್ರ, ಉಳಿದವರು ಓಡಿಹೋದಾರೆಂದು ತೆಪ್ಪಗೆ ಬೀಜ ಹಾಕುತ್ತ ಕೂರುತ್ತಾರೆ. ಹಾಗಾದರೆ ಅವರ ಡಬಲ್ಲಿಗೆ ಓಡಲೂ ಬಾರದು, ತಿರುಗಿ ಹೆದರಿಸಲೂ ಬಾರದು. ಒಂದು ಒಳ್ಳೆಯ ಜೋಡಿ ಹಿಡಿದು ಕೂತರೆ ಸಾಕು. ಅವರು ಸುಮ್ಮನಾದಾಗ ಜೋಡಿಯಿದ್ದರೂ ಕೆಳಗಿಡಬೇಕು.

ಮುಂದಿನ ಭಾನುವಾರ ಹಾಗೇ ಆಡಿದಳು. ಚಹಾದ ಹೊತ್ತಿಗೆ ಬೀಜವೆಲ್ಲ ಅವಳ ಮುಂದೆ.

ಮಾವ ಚಾಪೆಯ ಮೇಲೆ ಜರುಗಿ ಹತ್ತಿರ ಬಂದರು. “ಎಂತ ಮಾಡಿದ್ಯೆ ಕೂಸೆ? ನಂಗೂ ಹೇಳು.”

ಸೋತವರ ಮುಖವೇ ಅಲ್ಲ ಅದು. ಕಣ್ಣಲ್ಲಿ ಕುತೂಹಲ ಕುಣಿಯುತ್ತಿತ್ತು. ಹೇಳದಿರಲು ಅವಳಿಗೆ ಮನಸ್ಸಾಗಲಿಲ್ಲ.

“ಸಿಟ್ಟು ಬತ್ತಿಲ್ಲೆ ಅಲ್ದ ಮಾವ?” ಎಂದು ಶುರು ಮಾಡಿ, ಎಲೆಗಳನ್ನು ಚಾಪೆಯ ಮೇಲೆ ಜೋಡಿಸಿ ತೋರಿಸುತ್ತ ಎಲ್ಲವನ್ನೂ ವಿವರಿಸಿದಳು. ಆ ಮನೆಗೆ ಬಂದ ಮೇಲೆ ಮಾವನ ಹತ್ತಿರ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು.

ಅತ್ತೆ ಹಣೆ ಚಚ್ಚಿಕೊಂಡರು. “ಅದ್ನ ಎಂತಕ್ಕೆ ಹೇಳ್ದೆ? ಇಷ್ಟು ವರ್ಷ ಆನು ಅದ್ರಿಂದ್ಲೇ ಗೆಲ್ತಾ ಇದ್ದಿದ್ದು!”

ಶಶಾಂಕ ಚಾಪೆಯ ಮೇಲೆ ಹೊರಳಾಡಿ ನಕ್ಕ. ಮಾವ ಮಾತ್ರ ಹೆಂಡತಿಯ ಮುಖವನ್ನೇ ನೋಡುತ್ತ, “ಹೌದನೆ?” ಎಂದರು.

ಮರುವಾರ ಮಾವ ಬಹಳ ಸೌಮ್ಯ. ಮೊದಮೊದಲು ಒಮ್ಮೆಯೂ ಡಬಲ್ ಇಲ್ಲ. ಶ್ರೀಲಕ್ಷ್ಮಿ ಎರಡು ಸಲ ಒಳ್ಳೆಯ ಜೋಡಿಯನ್ನೇ ಕೆಳಗಿಟ್ಟಳು. ಎರಡು ಸಲವೂ ಮಾವ ಕೆಲಸಕ್ಕೆ ಬಾರದ ಎಲೆ ತಿರುವಿ ತೋರಿಸಿದರು. ಆಮೇಲೆ ಅವಳಿಗೆ ಎಕ್ಕದ ಜೋಡಿ ಬಂತು.

“ಡಬಲ್,” ಎಂದರು ಮಾವ.

ಹಳೇ ಚಾಳಿ ತಡೆಯಲಾಗದೆ ಸಿಕ್ಕಿಬಿದ್ದರು ಎಂದುಕೊಂಡು ಇದ್ದಬದ್ದ ಬೀಜವನ್ನೆಲ್ಲ ಮುಂದೆ ದೂಡಿದಳು. ಮಾವ ನಿಧಾನಕ್ಕೆ ಒಂದೊಂದಾಗಿ ಮೂರು ಗುಲಾಮರನ್ನು ಇಟ್ಟರು.

ಶ್ರೀಲಕ್ಷ್ಮಿ ಗಟ್ಟಿಯಾಗಿ ನಕ್ಕಳು. ಸೆರಗು ಬಾಯಿಗೆ ಹಿಡಿದರೂ ನಗು ನಿಲ್ಲಲೊಲ್ಲದು. ಮಾವನಿಗೂ ನಕ್ಕು ನಕ್ಕು ಕೆಮ್ಮು ಹತ್ತಿತು.

ಅಲ್ಲಿಂದ ಮುಂದೆ ಆಟ ಭಾನುವಾರಕ್ಕೇ ನಿಲ್ಲಲಿಲ್ಲ. ರಾತ್ರಿ ಊಟಕ್ಕೆ ಕೂತರೆ ಮಾವ, “ಮೊನ್ನೆ ಎಲೆ ಕೆಳಗಿಟ್ಯಲೆ, ಜೋಡಿ ಇತ್ತಾ?” ಎಂದು ತೆಗೆಯುತ್ತಿದ್ದರು.

“ಇಲ್ಲೆ ಮಾವ.”

“ಸುಳ್ಳು ಹೇಳಡ.”

“ಖರೇ ಮಾವ,” ಎಂದು ಸುಳ್ಳೇ ಹೇಳಿ ಶ್ರೀಲಕ್ಷ್ಮಿ ಅವರಿಗೆ ಇನ್ನೊಂದು ಸೌಟು ಸಾರು ಬಡಿಸುತ್ತಿದ್ದಳು.