ಹದಿನಾಲ್ಕು ಗೂಡಿನ ಸವತಿ

ಗಂಡ ಇನ್ನೊಬ್ಬಳ ಹಿಂದೆ ಬಿದ್ದಿದ್ದರೆ ಗಂಗಲಕ್ಷ್ಮಿ ಅವಳ ಮನೆ ಬಾಗಿಲಿಗೇ ಹೋಗಿ ಜುಟ್ಟು ಹಿಡಿದು ಕೇಳಿಬರುತ್ತಿದ್ದಳು. ಆದರೆ ಓಬಳರಾಜು ಬಿದ್ದಿದ್ದು ಒಂದು ಮೇಜಿನ ಹಿಂದೆ. ಮೇಜಿಗೆ ಜುಟ್ಟೆಲ್ಲಿಂದ ತರುವುದು?

ಶಿರಾದ ಹಳೇ ಮಸೀದಿಯ ಹಿಂದಿನ ಓಣಿಯಲ್ಲಿ ಅವರ ಮನೆ, ಮನೆಗಂಟಿಕೊಂಡ ಶೆಡ್ಡಿನಲ್ಲಿ ಮರಗೆಲಸ. ಹಳೆಯ ಕುರ್ಚಿ, ಮಂಚ, ಗಡಿಯಾರದ ಪೆಟ್ಟಿಗೆ ಏನಿದ್ದರೂ ಜನ ಓಬಳರಾಜುವನ್ನೇ ಹುಡುಕಿಕೊಂಡು ಬರುತ್ತಿದ್ದರು. ಅರಗಿನ ಪಾಲಿಶನ್ನು ಕೈಯಲ್ಲಿ ಉಜ್ಜಿ ಏರಿಸುವವನು ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಉಳಿದಿದ್ದು ಅವನೊಬ್ಬನೇ. ಶ್ರಾವಣದಲ್ಲಿ ಮಧುಗಿರಿಯ ಕಾಲೇಜು ಮೇಡಂ ಶಿವರಂಜನಿ ತಮ್ಮ ತಾತನ ಮೇಜನ್ನು ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡು ಬಂದರು. ಇದಕ್ಕೆ ಸೆಕ್ರೆಟರಿ ಡೆಸ್ಕ್ ಅನ್ನುತ್ತಾರೆ ಎಂದು ವಿವರಿಸಿದರು. ಗಂಗಲಕ್ಷ್ಮಿಗೆ ಗೊತ್ತಿದ್ದ ಸೆಕ್ರೆಟ್ರಿ ಹಾಲಿನ ಡೇರಿಯವನೊಬ್ಬನೇ. ಇದು ನೋಡುವುದಕ್ಕೆ ಕಾಲಿನ ಮೇಲೆ ನಿಂತ ಬೀಟೆ ಮರದ ಬೀರು. ಮುಂದಿನ ಹಲಗೆ ಎಳೆದರೆ ಅದೇ ಕೆಳಗೆ ಬಾಗಿ ಬರೆಯುವ ಮೇಜಾಗುತ್ತಿತ್ತು. ಒಳಗೆ ಕಾಗದಪತ್ರ ಇಡಲು ಹದಿನಾಲ್ಕು ಪುಟ್ಟ ಗೂಡುಗಳು. ಹಲಗೆ ಎತ್ತಿ ಬೀಗ ಹಾಕಿದರೆ ಅಲ್ಲಿ ಅಷ್ಟೊಂದು ಗೂಡಿದೆಯೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಓಬಳರಾಜು ಮನೆಯಲ್ಲಿ ಮಾತಿಗೆ ಬಡವ. ಮದುವೆಯಾಗಿ ಹದಿನೆಂಟು ವರ್ಷವಾದರೂ ಊಟಕ್ಕೆ ಕೂತಾಗ ಉಪ್ಪು ಕಡಿಮೆಯಾಗಿದೆ ಎಂದನೆಂದರೆ ಆ ದಿನದ ಮಾತು ಮುಗಿಯಿತು. ಅಂಥವನು ಈ ಮೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಗೆದ್ದಲು ತಿಂದ ಕಾಲನ್ನು ಬಿಡಿಸುವಾಗ, ‘ನೋವಾಯ್ತಾ ತಾಯಿ? ಇನ್ನೊಂಚೂರು ತಡ್ಕ’ ಎನ್ನುತ್ತಿದ್ದ. ಅದನ್ನು ಗಂಗಲಕ್ಷ್ಮಿ ಕಿಟಕಿಯಿಂದ ಕಿವಿಯಾರೆ ಕೇಳಿದ್ದಳು. ಎರಡು ಹೆರಿಗೆಯಲ್ಲೂ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ.

ಅದರ ಮೇಲೆ ಫೋನು. ವಾರಕ್ಕೆರಡು ಸಲ ಮೇಡಂ ಫೋನು ಮಾಡುತ್ತಿದ್ದರು. ಆ ಮೂಲೆಗಳು ಮೊಳೆಯಿಲ್ಲದೆ ಒಂದಕ್ಕೊಂದು ಹೇಗೆ ಕಚ್ಚಿಕೊಂಡಿವೆ, ಯಾವ ಗೂಡಿನ ತಳ ಯಾವ ಮರದ್ದು, ಹಿಂದಿನ ಕಾಲದವರ ಕೈ ಎಂಥದ್ದು ಎಂದು ಇವನು ಅರ್ಧ ಗಂಟೆ ಹರಿಕಥೆ ಮಾಡುತ್ತಿದ್ದ. ಪಕ್ಕದ ಮನೆಯ ಮುದ್ದಕ್ಕ ದಿನಾ ನಲ್ಲಿ ಹತ್ತಿರ, “ನಿನ್ನ ಸವತಿ ಹೆಂಗವ್ಳೆ ಗಂಗಾ?” ಎಂದು ಕೇಳಿ ನಗುತ್ತಿದ್ದಳು. ಗಂಗಲಕ್ಷ್ಮಿಯೂ ಜೊತೆಗೆ ನಗುತ್ತಿದ್ದಳು, ಆದರೆ ಬಿಂದಿಗೆ ಇಳಿಸುವಾಗ ಅವಳ ಹೊಟ್ಟೆ ಧಗಧಗ ಉರಿಯುತ್ತಿತ್ತು. ಮೇಡಂ ಮೇಲಲ್ಲ. ಆಕೆ ವಯಸ್ಸಾದ ಹೆಂಗಸು, ಕನ್ನಡಕ ಹಾಕಿಕೊಂಡು ತಲೆ ಬಗ್ಗಿಸಿ ಬರುವವರು, ತಲೆ ಬಗ್ಗಿಸಿ ಹೋಗುವವರು. ಉರಿಯೆಲ್ಲ ಆ ಮೇಜಿನ ಮೇಲೇ.

ನವರಾತ್ರಿಯ ಹೊತ್ತಿಗೆ ಮೇಜು ಕನ್ನಡಿಯಾಯಿತು. ವಿಜಯದಶಮಿ ಒಳ್ಳೆಯ ದಿನ, ಅವತ್ತೇ ಒಯ್ಯುತ್ತೇನೆ ಎಂದು ಮೇಡಂ ಹೇಳಿದ್ದರು. ಹಿಂದಿನ ದಿನ ಆಯುಧಪೂಜೆ. ಓಬಳರಾಜು ಹೂವು, ಬೂದುಗುಂಬಳಕಾಯಿ ತರಲು ಪೇಟೆಗೆ ಹೋದ. ಗಂಗಲಕ್ಷ್ಮಿ ಉಳಿ, ಗರಗಸ, ಬಾಚಿಗಳನ್ನೆಲ್ಲ ತೊಳೆದು ಸಾಲಾಗಿ ಜೋಡಿಸಿ ಅರಿಶಿನ ಕುಂಕುಮ ಇಟ್ಟಳು. ಅರಿಶಿನವನ್ನು ಅವಳು ಎಂದಿಗಿಂತ ನೀರಾಗಿ ಕಲೆಸಿದ್ದಳು. ಅರಗಿನ ಪಾಲಿಶಿಗೆ ನೀರು ಶತ್ರು, ತೇವ ಕೂತರೆ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಹದಿನೆಂಟು ವರ್ಷ ಆ ಶೆಡ್ಡು ಗುಡಿಸಿದವಳಿಗೆ ಅದು ಗೊತ್ತಿಲ್ಲದ ಸಂಗತಿಯೇ? ಮೇಜಿನ ನೆತ್ತಿಗೆ ಐದು ಬೊಟ್ಟು, ಮುಂದಿನ ಹಲಗೆಗೆ ಮೂರು. ಸಾಲದೆಂದು ಹಲಗೆ ಇಳಿಸಿ ಹದಿನಾಲ್ಕು ಗೂಡಿಗೂ ಒಂದೊಂದು ಇಟ್ಟಳು. ಇಡುವಾಗ ಅವಳಿಗೆ ಭಯವಾಗಲಿಲ್ಲ, ಸುಖವಾಯಿತು.

ಪೇಟೆಯಿಂದ ಬಂದ ಓಬಳರಾಜು ಮೇಜು ನೋಡಿ ನಿಂತಲ್ಲೇ ನಿಂತ. ಒರೆಸಲು ಹೆಗಲ ಮೇಲಿನ ಟವೆಲ್ಲು ತೆಗೆದವನು ಅದನ್ನು ಹಾಗೇ ಮತ್ತೆ ಹೆಗಲಿಗೆ ಹಾಕಿಕೊಂಡ. ಪೂಜೆಗೆ ಕೂತ ಸಾಮಾನನ್ನು ಮಾರನೇ ದಿನ ಬೆಳಗಾಗುವ ತನಕ ಮುಟ್ಟುವ ಹಾಗಿಲ್ಲ. ಅವನಪ್ಪನೂ ಮುಟ್ಟಿರಲಿಲ್ಲ, ಅವನೂ ಮುಟ್ಟಲಿಲ್ಲ. ಮಂಗಳಾರತಿ ಮಾಡಿ, ಕುಂಬಳಕಾಯಿ ಒಡೆದು, ಊಟ ಬೇಡವೆಂದು ಹೇಳಿ ಮಲಗಿದ.

ಬೆಳಿಗ್ಗೆ ಒರೆಸಿದಾಗ ಬೊಟ್ಟಿಗೊಂದರಂತೆ ಇಪ್ಪತ್ತೆರಡು ಬಿಳಿ ಕಲೆಗಳು ಎದ್ದಿದ್ದವು. ಅಷ್ಟರಲ್ಲಿ ಗೂಡ್ಸ್ ಆಟೋ ಬಂದು ನಿಂತಿತು. ಮೇಡಂ ಇಳಿದು ಬಂದವರು ಒಂದು ಕಲೆಯ ಮೇಲೆ ಬೆರಳಾಡಿಸಿ ನೋಡಿದರು. ಇದು ಹೇಗಾಯಿತು ಎಂದು ಕೇಳಿದರು.

“ತಪ್ಪು ನಂದೇ ಮೇಡಂ,” ಎಂದ ಓಬಳರಾಜು. “ಪೂಜೆ ಗ್ಯಾನದಾಗೆ ನಾನೇ ಬೊಟ್ಟು ಇಟ್ಬುಟ್ಟೆ.”

ಮೇಡಂ ಸಿಟ್ಟಾದರು. ಕೆಲಸ ಬಲ್ಲವನೆಂದು ನಂಬಿ ಕೊಟ್ಟೆ, ಬೆಂಗಳೂರಿಗೇ ಕಳಿಸಬೇಕಿತ್ತು, ನೀರು ಬಿದ್ದರೆ ಏನಾಗುತ್ತದೆಂದು ತಿಳಿಯದವನು ನೀನೆಂಥ ಮೇಸ್ತ್ರಿ ಎಂದರು. ಓಬಳರಾಜು ಟವೆಲ್ಲನ್ನು ಹಿಂಡುತ್ತ ನಿಂತಿದ್ದ. ಬಾಗಿಲಲ್ಲಿದ್ದ ಗಂಗಲಕ್ಷ್ಮಿಗೆ ಅದನ್ನು ತಡೆಯಲಾಗಲಿಲ್ಲ. ತಾನು ದಿನಕ್ಕೆ ಹತ್ತು ಸಲ ಬೈಯುವ ಗಂಡನನ್ನು ಇನ್ನೊಬ್ಬರು ಬೈಯುವುದೆಂದರೇನು?

“ಇಟ್ಟಿದ್ದು ಇವ್ರಲ್ಲ, ನಾನು,” ಎಂದಳು. “ಕೆಡ್ತದೆ ಅಂತ ಗೊತ್ತಿದ್ದೇ ಇಟ್ಟೆ. ಹೊಟ್ಟೆಕಿಚ್ಚಿಗೆ ಇಟ್ಟೆ ಕಣ್ರಮ್ಮ. ಬೈಯಂಗಿದ್ರೆ ನನ್ನ ಬೈರಿ.”

ಒಂದು ಮೇಜಿನ ಮೇಲೆ ಎಂಥ ಹೊಟ್ಟೆಕಿಚ್ಚು ಎಂದು ಮೇಡಂ ಕೇಳಲಿಲ್ಲ. ಅವಳ ಮುಖ ನೋಡಿದರು, ಅವನ ಮುಖ ನೋಡಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ದೀಪಾವಳಿಯೊಳಗೆ ಸರಿ ಮಾಡಿಕೊಡಿ ಎಂದಷ್ಟೇ ಹೇಳಿ ಖಾಲಿ ಆಟೋದಲ್ಲಿ ಹೋದರು.

ಓಬಳರಾಜು ಬೈಯಲಿಲ್ಲ, ಹೊಡೆಯಲಿಲ್ಲ. ಮೂರು ದಿನ ಪಾಲಿಶನ್ನೆಲ್ಲ ಕೆರೆದು ಮರ ಬರಿದು ಮಾಡಿದ. ನಾಲ್ಕನೇ ದಿನ ಹಳೆಯ ಪಂಚೆಯ ತುಂಡಿನಲ್ಲಿ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿಗೆ ಅದ್ದಿ ಅವಳ ಕೈಗಿಟ್ಟ. “ಕೆಡಿಸ್ದೋಳೇ ಉಜ್ಜು,” ಎಂದ.

ಅವಳು ಹಲ್ಲು ಕಚ್ಚಿ ಉಜ್ಜಿದಳು. ಅವನು ಪಕ್ಕದಲ್ಲಿ ಕೂತು, ಒತ್ತಬೇಡ, ಸವರು, ಸುತ್ತು ಸುತ್ತಾಗಿ ಹೋಗು, ಎಲ್ಲೂ ನಿಲ್ಲಿಸಬೇಡ ಎನ್ನುತ್ತಿದ್ದ. ದಿನಕ್ಕೆರಡು ಕೈ ಪಾಲಿಶ್, ನಡುವೆ ಒಣಗುವ ತನಕ ಕಾಯಬೇಕು. ಕಾಯುವಾಗ ಸುಮ್ಮನೆ ಕೂರಲಾಗದೆ ಅವನು ಮಾತಾಡತೊಡಗಿದ. ಕೆಲಸ ಕಲಿಸಿದ ಉಸ್ತಾದರು ಮೊದಲ ವರ್ಷ ಅರಗಿನ ಬಟ್ಟಲು ತೊಳೆಯಲು ಮಾತ್ರ ಬಿಟ್ಟದ್ದು, ಹಸಿವಿಗೆ ನೆಂಟರ ಹೊಲದ ಕಡಲೆಕಾಯಿ ಕದ್ದದ್ದು, ಅವಳನ್ನು ನೋಡಲು ಬಡವನಹಳ್ಳಿಗೆ ಬಂದ ದಿನ ಕೈಗೆ ಹತ್ತಿದ್ದ ಪಾಲಿಶ್ ಬಣ್ಣ ಹೋಗದೆ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಕೂತದ್ದು. ಅವತ್ತು ಇವನಿಗೆ ಬೆರಳು ಕಡಿಮೆಯೇನೋ ಎಂದುಕೊಂಡಿದ್ದೆ ಎಂದು ಗಂಗಲಕ್ಷ್ಮಿ ಹೇಳಿದಾಗ ಅವನು ಗಟ್ಟಿಯಾಗಿ ನಕ್ಕ. ಆ ನಗು ಅವಳು ಕೇಳಿಯೇ ಇರಲಿಲ್ಲ. ಅವಳಿಗೆ ಖುಷಿಯಾಯಿತು, ಬಹಳ ಖುಷಿಯಾಯಿತು. ಮುದ್ದಕ್ಕ ಸವತಿಯ ಸಮಾಚಾರ ಕೇಳಿದರೆ ಈಗ ಅವಳಿಗೆ ಸಿಟ್ಟು ಬರುತ್ತಿತ್ತು.

ದೀಪಾವಳಿಗೆ ನಾಲ್ಕು ದಿನವಿರುವಾಗ ಮೇಜಿನಲ್ಲಿ ಮತ್ತೆ ಮುಖ ಕಂಡಿತು. ಗಂಗಲಕ್ಷ್ಮಿ ಉಗುರು ಒತ್ತಿ ನೋಡಿದಳು, ಗುರುತು ಬೀಳಲಿಲ್ಲ. ಫೋನು ಬಂತು. ಓಬಳರಾಜು ಗರಗಸದ ಹಲ್ಲು ಚೂಪಾಗಲು ಅರ ಹಾಕುತ್ತಿದ್ದ, ನೀನೇ ಎತ್ತು ಎಂದು ಸನ್ನೆ ಮಾಡಿದ. ನಾಳೆ ಆಟೋ ಕಳಿಸಲೇ ಎಂದು ಮೇಡಂ ಕೇಳಿದರು. ಗಂಗಲಕ್ಷ್ಮಿಗೆ ಮಧುಗಿರಿಯ ಯಾವುದೋ ಕೋಣೆಯಲ್ಲಿ ಆಕೆ ಆ ಹಲಗೆ ಇಳಿಸಿ ಮೊಣಕೈ ಊರಿ ಕೂತದ್ದು ಕಂಡಿತು. ಇಲ್ಲಿ ಖಾಲಿ ಶೆಡ್ಡು, ಊಟಕ್ಕೆ ಕೂತ ಗಂಡ, ಉಪ್ಪಿನ ಮಾತು. ಅವಳ ಹೊಟ್ಟೆ ಮತ್ತೆ ಹೊತ್ತಿಕೊಂಡಿತು.

“ಇನ್ನೂ ಒಣಗಿಲ್ಲ ಮೇಡಂ,” ಎಂದಳು. “ಇಲ್ಲಿ ಬರೀ ಮೋಡ. ಇನ್ನೊಂದು ಹದಿನೈದು ದಿನ ಬುಡಿ.”

ಹೊರಗೆ ರಣಬಿಸಿಲು. ಓಬಳರಾಜು ಅರ ಹಾಕುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಎದ್ದು ಬಂದು, ಹಲಗೆ ಇಳಿಸಿ, ಎಲ್ಲೂ ಕಲೆಯಿಲ್ಲದ ಗೂಡುಗಳೊಳಗೆ ಬೆರಳಾಡಿಸಿದ.

“ಊಂ. ಒಳಗೆ ಇನ್ನೊಂದು ಕೈ ಬೇಕು,” ಎಂದ.

ಅವನು ಅದನ್ನು ಮೇಜಿನ ಮೇಲಿನ ಆಸೆಗೆ ಅಂದನೋ, ಹೆಂಡತಿಯ ಪಕ್ಕ ಕೂರುವ ಆಸೆಗೆ ಅಂದನೋ ಗಂಗಲಕ್ಷ್ಮಿ ಕೇಳಲಿಲ್ಲ.